ಪ್ರೇಮಕ್ಕನ ಖಾಲಿ ಡ್ರಮ್ಮು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಕೊಪ್ಪದ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಕೋಪಕ್ಕೆ ದಿನಾ ಸಿಕ್ಕುತ್ತಿದ್ದವರು ಇಬ್ಬರು. ಒಬ್ಬರು ನಮ್ಮ ಯಜಮಾನರು ವೆಂಕಟಯ್ಯ. ಇನ್ನೊಬ್ಬಳು ಪಟ್ಟಣ ಪಂಚಾಯಿತಿಯ ಕಸದ ಗಾಡಿ ತಳ್ಳುವ ಪ್ರೇಮಕ್ಕ. ಯಜಮಾನರಿಗೆ ಅಭ್ಯಾಸವಾಗಿಹೋಗಿತ್ತು. ಪ್ರೇಮಕ್ಕ ಮಾತ್ರ ತಿರುಗಿ ಕೊಡುತ್ತಿದ್ದಳು.

ಬೆಳಿಗ್ಗೆ ಏಳೂವರೆಗೆ ಅವಳ ಸೀಟಿ ಕೇಳುತ್ತಿತ್ತು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಸೀರೆಯ ಮೇಲೊಂದು ಗಂಡಸರ ಅಂಗಿ, ಮುಡಿಯಲ್ಲಿ ಯಾರದೋ ಬೇಲಿಯ ದಾಸವಾಳ. ಮುತ್ತಿನಕೊಪ್ಪದವಳು. ಗಂಡ ತೀರಿಕೊಂಡ ಮೇಲೆ ಅಡಿಕೆ ಸುಲಿಯುತ್ತಾ ಅಲ್ಲಿ ಇಲ್ಲಿ ಅಲೆದು, ಕೊನೆಗೆ ಈ ಗುತ್ತಿಗೆ ಕೆಲಸಕ್ಕೆ ಸೇರಿದ್ದಳು. ಅವಳಿಗಿದ್ದ ಆಧಾರ ಅದೊಂದೇ. ಹಾಗಂತ ಬಾಯಿ ಬಿಗಿಹಿಡಿಯುವವಳಲ್ಲ.

"ಸರೋಜಮ್ಮಾ, ನಿಮ್ಮ ಕಸದಲ್ಲಿ ಬ್ಲೇಡ್ ಇತ್ತು. ನನ್ನ ಕೈ ಎಂತ ಹಾಗಲಕಾಯಿಯಾ, ಹೆಚ್ಚೋದಕ್ಕೆ?"

ಅವಳು ಈ ಕೆಲಸಕ್ಕೆ ಬರುವ ಮೊದಲು ನಾವೆಲ್ಲ ಪ್ಲಾಸ್ಟಿಕ್ಕನ್ನು ಬಚ್ಚಲೊಲೆಗೆ ತುರುಕಿ ಸ್ನಾನದ ನೀರು ಕಾಯಿಸುತ್ತಿದ್ದೆವು. ಅದನ್ನು ಬೈದು ಬೈದು ಬಿಡಿಸಿದವಳು ಇವಳೇ. ಜಗಳ ಮುಗಿದ ಮೇಲೆ ನಾನು ಗೇಟಿನ ಹತ್ತಿರವೇ ಕಾಫಿ ಕೊಡುತ್ತಿದ್ದೆ. ಯಾವುದೋ ಮದುವೆಯಲ್ಲಿ ಉಳಿದ ಪ್ಲಾಸ್ಟಿಕ್ ಲೋಟದ ಕಟ್ಟು ಮನೆಯಲ್ಲಿತ್ತು, ಅದರಲ್ಲಿ. ಕುಡಿದು, ಲೋಟ ಮುದುರಿ ತನ್ನ ಗಾಡಿಗೇ ಎಸೆದು, "ಇದನ್ನೂ ಹೊರೋದು ನಾನೇ ಬಿಡಿ" ಎನ್ನುತ್ತಿದ್ದಳು. ತಮಾಷೆಯೆಂದು ನಗುತ್ತಿದ್ದೆ.

ಎರಡು ಸಾವಿರದ ಏಳರಲ್ಲಿ ಮನೆಮನೆಗೂ ಎರಡೆರಡು ಬಕೆಟ್ಟು ಬಂದವು. ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ಕೆಂಪು. ಗಟ್ಟಿ ಬಕೆಟ್ಟು, ಮೇಲೆ ಮುಚ್ಚಳ ಬೇರೆ. ಕೆಂಪಿಗೇನೋ ಕಸ ಬಿತ್ತು. ಅಷ್ಟು ಚಂದದ ಹಸಿರು ಬಕೆಟ್ಟಿಗೆ ಕಸ ಹಾಕಲು ನಮ್ಮೂರಿನ ಯಾವ ಹೆಂಗಸಿಗೆ ಮನಸ್ಸು ಬರುತ್ತದೆ? ಪಕ್ಕದ ಮನೆ ಸೀತಕ್ಕನದು ಕೊಟ್ಟಿಗೆಗೆ ಹೋಯಿತು, ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಸೇರಿಸಿ ದನಕ್ಕೆ ಕಲಗಚ್ಚು ಇಡಲು. ಎದುರು ಮನೆಯಲ್ಲಿ ಅದರೊಳಗೆ ಅವಲಕ್ಕಿ ತುಂಬಿದರು. ಎಲ್ಲರ ಮನೆ ದೋಸೆಯೂ ತೂತೇ. ನನ್ನ ತವರು ಮೆಣಸೆಯಿಂದ ಆ ವರ್ಷ ಜೀರಿಗೆ ಪರಿಮಳದ ಮಾವಿನ ಮಿಡಿ ಧಾರಾಳವಾಗಿ ಬಂದಿತ್ತು. ಭರಣಿ ಸಾಲಲಿಲ್ಲ. ಉಪ್ಪು ಹಾಕಿ ಹಸಿರು ಬಕೆಟ್ಟಿನಲ್ಲಿ ನೆನೆಸಿ ಅಡಿಗೆಮನೆಯಲ್ಲಿಟ್ಟೆ.

ಇನ್ನು ಹಸಿ ಕಸ ಎಲ್ಲಿಂದ ಬರಬೇಕು? ನಮ್ಮ ಬೀದಿಯ ಸಿಪ್ಪೆಯೆಲ್ಲ ಸೀತಕ್ಕನ ದನಕ್ಕೆ, ಕಾಫಿ ಚರಟ ಗುಲಾಬಿಗೆ, ಉಳಿದದ್ದು ಬಾಳೆ ಬುಡಕ್ಕೆ. ಪ್ರೇಮಕ್ಕನ ಗಾಡಿಯ ಹಸಿರು ಡ್ರಮ್ಮು ಬಂದ ಹಾಗೇ ಖಾಲಿ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಅವಳು ಜಗಳವಾಡಲಿಲ್ಲ. ನನಗೆ ಹೆದರಿಕೆಯೇ ಆಯಿತು.

"ಎಂತ ಆಯ್ತು ಮಾರಾಯ್ತಿ?"

"ಹಸಿ ಕಸ ಬರ್ತಾ ಇಲ್ಲ, ಈ ಕಡೆಗೆ ಗಾಡಿ ದಂಡ ಅಂತ ಮೇಸ್ತ್ರಿ ಬರೆದು ಕಳ್ಸಿದಾರೆ. ನಾಡಿದ್ದು ಚಿಕ್ಕಮಗಳೂರಿಂದ ಆಫೀಸರು ನೋಡೋಕೆ ಬರ್ತಾರಂತೆ. ಅವತ್ತೂ ಡ್ರಮ್ಮು ಖಾಲಿ ಇದ್ರೆ ನನ್ನನ್ನ ತೆಗೀತಾರೆ."

ಅಂದು ಸಂಜೆಯೇ ಸೀತಕ್ಕನ ಜಗಲಿಯಲ್ಲಿ ಹೆಂಗಸರೆಲ್ಲ ಸೇರಿದೆವು. ಯಜಮಾನಿಕೆ ನನ್ನದೇ ಎಂದು ಬೇರೆ ಹೇಳಬೇಕಿಲ್ಲ. ಕಸ ಇಲ್ಲದಿದ್ದರೆ ಮಾಡೋಣ ಎಂದು ತೀರ್ಮಾನವಾಯಿತು. ಎರಡು ದಿನ ದನಕ್ಕೆ ಕಲಗಚ್ಚು ಇಲ್ಲ, ಬಾಳೆಗೂ ಇಲ್ಲ. ಎಲ್ಲವೂ ಗಾಡಿಗೆ. ಸೀತಕ್ಕನ ಅತ್ತೆಯ ಹೆಸರಿಗೆ ಬಂದಿದ್ದ ಇನ್ನೊಂದು ಹಸಿರು ಬಕೆಟ್ಟನ್ನು ನಾನು ಕೇಳಿ ತಂದೆ. ಎರಡು ದಿನದ ಸಿಪ್ಪೆ ತುಂಬಿ ಹಿತ್ತಲಲ್ಲಿಟ್ಟೆ. "ಬೆಳಿಗ್ಗೆ ಹಸಿರು ಬಕೆಟ್ಟು ಗೇಟಿನ ಹೊರಗಿಡಿ" ಎಂದು ಯಜಮಾನರಿಗೆ ಮೂರು ಸಲ ಹೇಳಿದೆ. ಯಾವ ಹಸಿರು ಬಕೆಟ್ಟು ಎಂದು ಒಂದು ಸಲವೂ ಹೇಳಲಿಲ್ಲ.

ಆಫೀಸರು ಎಂದರೆ ಹೊಟ್ಟೆ ಮುಂದೆ ಬಂದ ಗಂಡಸು ಎಂದುಕೊಂಡಿದ್ದೆವು. ಜೀಪಿನಿಂದ ಇಳಿದವಳು ಚೂಡಿದಾರದ ಹುಡುಗಿ, ಇಂಜಿನಿಯರಂತೆ. ಪ್ರೇಮಕ್ಕ ಮೊದಲ ನಾಲ್ಕು ಮನೆಯ ಬಕೆಟ್ಟು ಸುರಿದಳು. ಡ್ರಮ್ಮು ಅರ್ಧ ತುಂಬಿತು. ಜೊತೆಗೆ ಬಂದಿದ್ದ ಮೇಸ್ತ್ರಿ ಕಣ್ಣು ಕಣ್ಣು ಬಿಟ್ಟರು. ಕಲಗಚ್ಚು ಸಿಗದ ಸೀತಕ್ಕನ ದನ ಕೊಟ್ಟಿಗೆಯಲ್ಲಿ ಒಂದೇ ಸಮ ಕೂಗುತ್ತಿತ್ತು. ನಾನು ಸೀತಕ್ಕನ ಗೇಟಿನಲ್ಲಿ ನಿಂತು ಬೀಗುತ್ತಿದ್ದೆ.

ನಮ್ಮ ಗೇಟಿನೆದುರು ಪ್ರೇಮಕ್ಕ ಮುಚ್ಚಳ ತೆಗೆದಳು. ಜೀರಿಗೆಯ ಪರಿಮಳ ನಾನಿದ್ದಲ್ಲಿಗೇ ಬಂತು. ಯಜಮಾನರು ಅಡಿಗೆಮನೆಯ ಬಕೆಟ್ಟನ್ನೇ ತಂದಿಟ್ಟಿದ್ದರು!

ಕೂಗಲೂ ಆಗಲಿಲ್ಲ. ಕೂಗಿದರೆ ನಮ್ಮ ನಾಟಕ ಬಯಲಾಗಿ ಪ್ರೇಮಕ್ಕನ ಕೆಲಸ ಹೋಗುತ್ತಿತ್ತು. ಅವಳು ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಆಫೀಸರನ್ನು ನೋಡಿದಳು. ಬಕೆಟ್ಟು ಬೋರಲು ಹಾಕಿದರೆ ಅವಳು ಗೆದ್ದಂತೆ. ಅವಳನ್ನು ನಾನು ಬೈದಿದ್ದು ಒಂದೆರಡು ದಿನವೇ?

ಪ್ರೇಮಕ್ಕ ಮುಚ್ಚಳ ಹಾಕಿಬಿಟ್ಟಳು.

"ಇದು ಕಸ ಅಲ್ಲ ಮೇಡಂ. ಉಪ್ಪಿನಕಾಯಿ ಮಿಡಿ."

"ಸುಮ್ನೆ ಸುರಿಯೇ" ಎಂದು ಮೇಸ್ತ್ರಿ ಹಲ್ಲು ಕಡಿದರು.

"ನಾನು ಸುರಿಯಲ್ಲ. ಅವರ ಮನೆಯ ಒಂದು ವರ್ಷದ ಊಟ ಇದು. ನಿಜ ಹೇಳ್ತೀನಿ ಮೇಡಂ, ಈ ಬೀದೀಲಿ ಹಸಿ ಕಸವೇ ಇಲ್ಲ. ದನ ತಿಂತದೆ, ಬಾಳೆ ತಿಂತದೆ. ನನಗೋಸ್ಕರ ಇವತ್ತು ದನದ ಬಾಯಿಂದ ಕಿತ್ತು ಕೊಟ್ಟಿದಾರೆ. ಕೂಗ್ತಾ ಇದೆ, ಕೇಳಿ."

ಯಜಮಾನರು ಇಂಗು ತಿಂದ ಮಂಗನ ಹಾಗೆ ನಿಂತಿದ್ದರು. ನಾನು ಓಡಿದೆ. ನನ್ನ ಕೋಪ ಜೀವಮಾನದಲ್ಲಿ ಮೊದಲ ಬಾರಿಗೆ ಉಪಯೋಗಕ್ಕೆ ಬಂತು.

"ಇವಳನ್ನ ತೆಗೆದ್ರೆ ಪ್ಲಾಸ್ಟಿಕ್ಕೆಲ್ಲ ತಿರುಗಿ ಬಚ್ಚಲೊಲೆಗೇ ಹೋಗ್ತದೆ ಮೇಡಂ! ಆ ಹೊಗೆ ನಿಲ್ಸಿದ್ದು ಇವಳು. ಕೆಂಪು ಬಕೆಟ್ಟು ನೋಡಿ. ಬೀದಿಯಲ್ಲಿ ಒಂದು ಕವರ್ ಬಿದ್ದಿದ್ರೆ ತೋರ್ಸಿ!"

ಹುಡುಗಿ ಕೆಂಪು ಬಕೆಟ್ಟುಗಳ ಮುಚ್ಚಳ ತೆಗೆಸಿದಳು. ನಮ್ಮ ಬಾಳೆ ಬುಡ ನೋಡಿದಳು. ಸೀತಕ್ಕನ ಕೊಟ್ಟಿಗೆಗೆ ಹೋದಳು. ಪ್ರೇಮಕ್ಕ ಗಾಡಿಯನ್ನು ಹಿಂದೆಯೇ ತಳ್ಳಿಕೊಂಡು ಹೋಗಿ, ಅಲ್ಲಿಯವರೆಗೆ ಒಂದು ದಿನವೂ ಬಳಸದ ಆ ಡ್ರಮ್ಮಿನಿಂದ ಸಿಪ್ಪೆಯನ್ನೆಲ್ಲ ದನದ ಕಲಗಚ್ಚಿನ ತೊಟ್ಟಿಗೆ ಸುರಿದಳು. ಕೂಗು ನಿಂತಿತು. ದನ ತಿನ್ನುವುದನ್ನು ನೋಡಿ ಹುಡುಗಿ ನಗತೊಡಗಿದಳು.

"ಹಸಿ ಕಸ ಮನೆಯಲ್ಲೇ ಮುಗಿಯೋದಾದ್ರೆ ಇನ್ನೂ ಒಳ್ಳೇದು ಮೇಸ್ತ್ರೀ. ಇವರ ಗಾಡಿ ಒಣ ಕಸಕ್ಕೇ ಬರಲಿ. ಪಕ್ಕದ ಎರಡು ಬೀದಿಯನ್ನೂ ಇವರಿಗೇ ಕೊಡಿ. ನಾನು ಬರೆದು ಕೊಡ್ತೀನಿ."

ಪ್ರೇಮಕ್ಕ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡಳು. ನಾನು ಕಾಫಿ ಮಾಡಲು ಒಳಗೆ ಹೋದೆ. ಅಭ್ಯಾಸ ನೋಡಿ, ಕೈ ತಾನಾಗಿ ಪ್ಲಾಸ್ಟಿಕ್ ಲೋಟದ ಕಟ್ಟಿಗೆ ಹೋಯಿತು. ಅಲ್ಲೇ ನಿಂತೆ. ಕಪಾಟಿನಲ್ಲಿ ಸ್ಟೀಲಿನ ಲೋಟಗಳು ಸಾಲಾಗಿ ಕೂತಿದ್ದವು. ಎರಡು ವರ್ಷ ಅವಳನ್ನು ಗೇಟಿನಲ್ಲಿ ನಿಲ್ಲಿಸಿ, ಅವಳೇ ಹೊರಬೇಕಾದ ಕಸದಲ್ಲಿ ಕಾಫಿ ಕೊಟ್ಟಿದ್ದೆ. ನನಗೆ ನಾಚಿಕೆಯಾಯಿತು, ತುಂಬಾ ನಾಚಿಕೆಯಾಯಿತು.

ಆಫೀಸರಿಗೂ ಅವಳಿಗೂ ಒಂದೇ ಥರದ ಲೋಟದಲ್ಲಿ ತಂದು, "ಮೇಲೆ ಬಾ, ಜಗಲಿಯಲ್ಲಿ ಕೂತು ಕುಡಿ" ಎಂದೆ. ಅವಳು ಕೈಕಾಲು ತೊಳೆದು ಬಂದು ಕೂತು ಕುಡಿದಳು. ಮುಗಿದ ಮೇಲೆ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದನ್ನ ಯಾವ ಬಕೆಟ್ಟಿಗೆ ಹಾಕ್ಲಿ ಸರೋಜಮ್ಮಾ? ಹಸಿರಿಗಾ, ಕೆಂಪಿಗಾ?"

"ಎರಡಕ್ಕೂ ಬೇಡ ಮಾರಾಯ್ತಿ, ಇಲ್ಲೇ ಇಡು. ನಾಳೆಗೂ ಬೇಕು" ಎಂದೆ.