ಮಗಳನ್ನು ಕಳಿಸಿಕೊಟ್ಟ ಮೊದಲ ಶನಿವಾರ

ನ್ಯಾಯಾಲಯ ನಮ್ಮನ್ನು ಮಧ್ಯಸ್ಥಿಕೆಗೆ ಕಳಿಸಿದಾಗ ಮಗಳಿಗೆ ಎಂಟು ವರ್ಷ. ನಾನೂ ಅವಳೂ ಮನೀಶ್ ನಗರದಲ್ಲಿದ್ದೆವು. ಗಂಡ ಊರಿನ ಇನ್ನೊಂದು ತುದಿಗೆ, ಕೋರಾಡಿಯ ಕಾಲೊನಿಯಲ್ಲಿ ಬೇರೆ ಇದ್ದರು. ಅದಕ್ಕೆ ಒಂದು ತಿಂಗಳ ಹಿಂದೆ ಅವರು ನನಗೆ ಹೇಳದೆ ಅವಳನ್ನು ಶಾಲೆಯಿಂದ ಕರೆದುಕೊಂಡು ಹೋಗಿದ್ದರು. ಗೇಟಿನ ಹತ್ತಿರ ವಾಚ್‌ಮನ್ "ಪಪ್ಪಾ ಲೇ ಗಯೇ" ಎಂದಾಗ ಅಲ್ಲೇ ನಿಂತು ಗಂಡನಿಗೆ ಫೋನ್ ಮಾಡಿದೆ. ಎರಡು ಗಂಟೆ ಅವರ ಫೋನು ಬಂದ್. ಕೊನೆಗೆ ಮಗಳು ಐಸ್‌ಕ್ರೀಮ್ ಮೆತ್ತಿದ ಬಾಯಲ್ಲಿ ನಗುತ್ತ ಬಂದಳು. ನಾನು ಅವಳನ್ನು ಹೊಡೆದೆ. ಹೊಡೆದದ್ದಕ್ಕೆ ಇನ್ನಷ್ಟು ಹೆದರಿದೆ.

ಮಧ್ಯಸ್ಥಿಕೆ ನಡೆಸುತ್ತಿದ್ದವರು ವಯಸ್ಸಾದ ಒಬ್ಬ ವಕೀಲೆ. ಮಗುವನ್ನು ಕರೆಸಿ ಯಾರು ಬೇಕೆಂದು ಕೇಳಿಬಿಡುತ್ತಾರೇನೋ ಎಂದು ನನಗೆ ಭಯವಿತ್ತು. ಅವರು ಕರೆಸಲಿಲ್ಲ. ನಮ್ಮನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಯಾವುದರ ಭಯ ಎಂದು ಹಿಂದಿಯಲ್ಲಿ ಕೇಳಿದರು.

"ಕರೆದುಕೊಂಡು ಹೋದವರು ವಾಪಸ್ ಕಳಿಸದಿದ್ದರೆ?" ಎಂದೆ.

ಆಮೇಲೆ ಮೂವರೂ ಕೂತೆವು. ಒಬ್ಬೊಬ್ಬರಾಗಿ ಹೇಳಿದ್ದನ್ನು ಎದುರಿಗೆ ಹೇಳಲು ನಮ್ಮ ಒಪ್ಪಿಗೆ ಪಡೆದು, "ನಿಮ್ಮಿಬ್ಬರ ಭಯವೂ ಒಂದೇ" ಎಂದರು ಅವರು. ಗಂಡ ಮೇಜು ನೋಡುತ್ತ ಕನ್ನಡದಲ್ಲಿ ಕೇಳಿದರು:

"ನೀ ಧಾರವಾಡಕ್ಕ ವರ್ಗ ಮಾಡಿಸ್ಕೊಂಡು ಹೋದ್ರ ನಾ ಆಕಿನ್ನ ಎಲ್ಲೆ ನೋಡ್ಲಿ?"

ನಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ನನ್ನ ಡ್ರಾಯರಿನೊಳಗೆ ವರ್ಗಾವಣೆಯ ಅರ್ಜಿ ನಿಜವಾಗಿಯೂ ಇತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮಗಳು ಕೈತಪ್ಪುತ್ತಾಳೆ ಎನಿಸಿತು, ಆದರೂ ಹೇಳಿದೆ.

"ಅರ್ಜಿ ಬರ್ದದ್ದು ಖರೆ. ಇನ್ನೂ ಕೊಟ್ಟಿಲ್ರಿ."

ಗಂಡ ರೇಗಲಿಲ್ಲ. ಕಣ್ಣು ಒರೆಸಿಕೊಂಡರು.

ಇನ್ನೂ ಮೂರು ಸಲ ಕೂತು ಒಪ್ಪಂದ ಬರೆದೆವು. ಒಬ್ಬರಿಗೊಬ್ಬರು ಹೇಳದೆ ಮಗಳನ್ನು ಊರು ದಾಟಿಸಬಾರದು. ಶನಿವಾರ ಬೆಳಿಗ್ಗೆಯಿಂದ ಭಾನುವಾರ ಸಂಜೆ ಆರರವರೆಗೆ ಅಪ್ಪನ ಹತ್ತಿರ.

ಮೊದಲ ಶನಿವಾರ ಅವಳು ಅಪ್ಪನ ಸ್ಕೂಟರ್ ಹತ್ತಿ ಹೋದಳು. ಭಾನುವಾರ ಆರಾಯಿತು, ಆರೂಕಾಲಾಯಿತು. ಫೋನು ಹತ್ತಲಿಲ್ಲ. ಸಹಿ ಮಾಡಿದ ನನ್ನ ಕೈಯನ್ನೇ ಶಪಿಸುತ್ತ ಬರಿಗಾಲಲ್ಲಿ ಕೆಳಗೆ ಓಡಿದೆ. ರಸ್ತೆಯಲ್ಲಿ ನಿಂತಾಗ ಅವರದೇ ಕರೆ ಬಂತು.

"ವರ್ಧಾ ರೋಡಿನ್ಯಾಗ ಗಾಡಿ ಪಂಕ್ಚರ್ ಆಗೇತಿ. ಅಂಜಬ್ಯಾಡ. ತಗೋ, ಆಕಿ ಜೋಡಿ ಮಾತಾಡು."

"ಮಮ್ಮಿ, ಜಲ್ದಿ ಬರ್ತೀವಿ!" ಎಂದಳು ಮಗಳು.

ಏಳಕ್ಕೆ ಬಂದರು. ಈಗ ಎರಡು ವರ್ಷವಾಯಿತು, ಒಪ್ಪಂದವನ್ನು ಇಬ್ಬರೂ ಮುರಿದಿಲ್ಲ. ಆದರೂ ಭಾನುವಾರ ಐದೂವರೆಯಾದರೆ ನಾನು ಬಾಲ್ಕನಿ ಬಿಟ್ಟು ಒಳಗೆ ಬರಲಾರೆ.