ಅವ್ವನ ‘ಆರಾಮ’ ಮತ್ತು ನೇಪಾಳದ ಪಾಲಿಸಿ

ನೇಪಾಳವನ್ನು ನಾನು ಪರದೇಶವೆಂದು ಎಣಿಸಿರಲೇ ಇಲ್ಲ. ವೀಸಾ ಬೇಡ, ಅಲ್ಲಿರುವವನೂ ನಮ್ಮ ಶಿವನೇ. ಪಶುಪತಿನಾಥನ ಗುಡಿಗೆ ಹೋಗುವುದೆಂದರೆ ರಟ್ಟೀಹಳ್ಳಿಯ ಕದಂಬೇಶ್ವರನ ಗುಡಿಗೆ ಹೋದಂತೆ, ತುಸು ದೂರ ಅಷ್ಟೆ! ಶಿಗ್ಗಾಂವಿಯ ನಮ್ಮ ಮನೆಯಲ್ಲಿ ಅವ್ವ ಆಗಲೇ ಸೀರೆ ಆರಿಸುತ್ತಿದ್ದಳು. ಜೀವನದಲ್ಲಿ ಅವಳು ಹೋಗಬೇಕೆಂದು ಬಾಯಿಬಿಟ್ಟು ಕೇಳಿದ ಊರು ಪಶುಪತಿನಾಥನದೊಂದೇ. ಅಲ್ಲಿ ಏನಾದರೂ ಆದರೆ ಮನೆಯ ಆರೋಗ್ಯ ವಿಮೆಯ ಕಾರ್ಡು ತೋರಿಸಿದರಾಯಿತು ಎಂದು ನಾನು ಹಗುರಾಗಿ ತೇಲುತ್ತಿದ್ದೆ.

ಸವಣೂರಿನಿಂದ ಬಂದ ವಿಮಾ ಏಜೆಂಟ್ ಭಾಯಿ ಚಹಾದ ಕಪ್ಪು ಕೆಳಗಿಟ್ಟು ನಕ್ಕರು.

“ಅಕ್ಕಾರ, ಗಡಿ ದಾಟಿದ್ರ ಈ ಕಾರ್ಡು ನಡಿಯಂಗಿಲ್ರಿ. ಪರದೇಶಕ್ಕ ಬ್ಯಾರೆ ಪಾಲಿಸಿನ ಮಾಡಸ್ಬೇಕು. ಅದೂ ಅಲ್ಲಿ ಒಮ್ಮಿಗೇ ಏನರ ಆದ್ರ ಅಷ್ಟ. ಮತ್ತ ಮೊದಲಿಂದ ಇರೋ ಜಡ್ಡು ಮುಚ್ಚಿಟ್ರ ದವಾಖಾನಿ ಬಿಲ್ಲು ನಿಮ್ಮ ತಲಿಮ್ಯಾಲ ಬೀಳ್ತದ.”

ಅವ್ವನ ವಯಸ್ಸಿನವರನ್ನು ಕಂಪನಿಯ ಡಾಕ್ಟರು ಫೋನಿನಲ್ಲೇ ವಿಚಾರಿಸುತ್ತಾರಂತೆ. ಅವ್ವನಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಆದರೆ ನಮ್ಮ ಕಡೆ ಹೇಗಿದ್ದೀರಿ ಎಂದು ಯಾರೇ ಕೇಳಲಿ, ಉತ್ತರ ಒಂದೇ: ಆರಾಮ್ರಿ. ಮುರಿದ ಕೈಯನ್ನೇ ನೋಡಲು ಹಿರೇಕೆರೂರಿನಿಂದ ಬಂದ ಬೀಗರಿಗೂ ಅವ್ವ, ಕೊರಳಿಗೆ ಕೈ ತೂಗುಹಾಕಿಕೊಂಡೇ, ಆರಾಮ ಎಂದವಳು! ಆಕೆಗೆ ಪಾಠ ಹೇಳಿ ಹೇಳಿ ನಾನು ಸುಸ್ತಾದೆ.

“ಸಕ್ಕರಿ ಜಡ್ಡು ಐತೇನ್ರಿ ಅಂದ್ರ ಏನಂತಿ?”

“ಹೌದ್ರಿ, ಆದ್ರ ಆರಾಮ ಅದೇನಿ ಅಂತೇನಿ.”

ಫೋನು ಬಂತು. ಆ ಕಡೆ ಬೆಂಗಳೂರು ಕನ್ನಡದ ಮೆತ್ತನೆಯ ಹೆಣ್ಣುದನಿ. “ಅಮ್ಮಾ, ಶುಗರ್, ಬಿಪಿ ಏನಾದ್ರೂ ಇದೆಯಾ?”

“ಏನಿಲ್ರಿ. ಎಲ್ಲಾ ಆರಾಮ. ನೀವು ಆರಾಮ ಅದೀರೇನ್ರಿ?”

ನಾನು ಹಣೆ ಚಚ್ಚಿಕೊಂಡೆ. ಆದರೆ ಆ ಡಾಕ್ಟರಮ್ಮನನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲವೇನೋ. “ಎಲ್ಲಿ ಆರಾಮ, ಅಮ್ಮಾ! ಕೂತು ಕೂತು ಬೆನ್ನು ಬಿದ್ದುಹೋಗಿದೆ” ಎಂದುಬಿಟ್ಟರು.

“ಅಯ್ಯ ನನ್ನವ್ವ! ನಂದೊಂದೀಟು ಕೇಳ ಇಲ್ಲೆ!”

ಶುರುವಾಯಿತು ನೋಡಿ. ಸಕ್ಕರೆ, ಬಿಪಿ, ಉರಿಯುವ ಪಾದ, ಬೆಳಗಿನ ಗುಳಿಗೆಗಳ ಬಣ್ಣ ಕೂಡ. ನಾನು ಸೆರಗು ಬಾಯಿಗೆ ತುರುಕಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನನಗೆ ಇದು ಹೊಳೆಯಬೇಕಿತ್ತು. ನಮ್ಮಲ್ಲಿ ತಾನಾಗಿ ತನ್ನ ನೋವು ಹೇಳುವುದು ಅವಮಾನ. ಎದುರಿನವರು ತಮ್ಮದನ್ನು ಹೇಳಿದ ಮೇಲೆ ಮಾತ್ರ ನಮ್ಮದನ್ನೂ ಹೇಳಬೇಕು, ಅದೇ ಅವರಿಗೆ ಸಮಾಧಾನ ಹೇಳುವ ರೀತಿ.

“ಮತ್ತ, ಮಾಳಿಗಿ ಮೆಟ್ಟಲಾ ಏರಿದ್ರ ಎದಿ ಹಿಡದಂಗ ಆಕ್ಕೈತ್ರಿ. ಭಾಳ ದಿನಾತು.”

ನಾನು ಬಾಯಿಂದ ಸೆರಗು ತೆಗೆದೆ. ಇದು ನನಗೆ ಗೊತ್ತಿರಲಿಲ್ಲ. ಡಾಕ್ಟರಮ್ಮನೂ ಬೆನ್ನುನೋವು ಮರೆತು, ಮೊದಲು ಹೃದಯ ತೋರಿಸಿ, ಪಾಲಿಸಿ ಆಮೇಲೆ ಎಂದರು. ಫೋನಿಟ್ಟದ್ದೇ ನಾನು ಸಿಡಿದೆ.

“ನನಗ್ಯಾಕ ಹೇಳ್ಲಿಲ್ಲಬೇ?”

“ನೀ ಯಾವಾಗರ ನಿಂದು ಹೇಳೀಯೇನು? ಕೇಳಿದಾಗೆಲ್ಲಾ ಆರಾಮ ಅಂತಿ.”

ಸಿಟ್ಟು ಬಂತು, ಅಳುವೂ ಬಂತು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಎಲ್ಲ ಪರೀಕ್ಷೆಗಳಾದವು. ಹೆದರುವಂಥದ್ದೇನಿಲ್ಲ, ಹೊಸದೊಂದು ಗುಳಿಗೆ ನುಂಗಿ, ನಿಧಾನವಾಗಿ ನಡೆಯಿರಿ, ಹೋಗಿಬನ್ನಿ ಎಂದರು. ಅವ್ವ ದವಾಖಾನೆಯ ಮೆಟ್ಟಿಲ ಮೇಲೇ ಕೈ ಜೋಡಿಸಿ ಹರಹರ ಎಂದು ಕೂಗಿದಳು. ಅವಳ ಜಡ್ಡುಗಳನ್ನೆಲ್ಲ ಸಾಲಾಗಿ ನಮೂದಿಸಿಕೊಂಡು ಪಾಲಿಸಿಯೂ ಬಂತು. ಅವು ಅಲ್ಲಿ ದಿಢೀರನೆ ಉಲ್ಬಣಿಸಿದರೆ ಜೀವ ಉಳಿಸುವಷ್ಟು ಉಪಚಾರಕ್ಕೆ ಕಂಪನಿಯೇ ಹೊಣೆ, ಆದರೆ ದವಾಖಾನೆಗೆ ಸೇರಿದ ಕೂಡಲೇ ಕಂಪನಿಗೆ ಫೋನ್ ಮಾಡಬೇಕು ಎಂದು ಭಾಯಿ ಬಿಡಿಸಿ ಹೇಳಿದರು.

ಹೊರಟ ದಿನ ಹುಬ್ಬಳ್ಳಿಯ ಬಸ್ಸು ತಡಸ ದಾಟುತ್ತಿತ್ತು. ಕಿಟಕಿಯ ಗಾಳಿಗೆ ಮುಖವೊಡ್ಡಿ ಕೂತಿದ್ದ ಅವ್ವ ನನ್ನತ್ತ ತಿರುಗಿದಳು. “ಹೆಂಗದೀಯವಾ?”

ಆರಾಮ ಎನ್ನಲು ಹೊರಟ ನಾಲಿಗೆಯನ್ನು ಹಿಡಿದೆ.

“ಮೊಣಕಾಲು ಹಿಡಕೊಂಡೈತಿಬೇ. ಭಾಳ ದಿನಾತು.”

ಅವ್ವನ ಮುಖ ಅರಳಿಬಿಟ್ಟಿತು. ನನ್ನ ಕಾಲನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡು ನೀವತೊಡಗಿದಳು.

“ಅಯ್ಯ ನನ್ನ ಮಗಳ, ನಂದೂ ಹಂಗ ಐತಿ!”