ಕಟ್ಟಿದವರೇ ಮೊದಲು ತೂಗಬೇಕು

ಮೊದಲು ಜಾರಿದ್ದು ಬಲಗೈ.

ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಕಸರತ್ತಿನ ಅಭ್ಯಾಸ ನಡೆದಿತ್ತು. ನನ್ನ ಹೆಂಡತಿ ಪದ್ಮಾ ಬೀಮಿನಿಂದ ಇಳಿಬಿಟ್ಟ ಉದ್ದನೆಯ ಬಟ್ಟೆಯ ಮೇಲೆ, ಆಳೆತ್ತರಕ್ಕಿಂತ ಸ್ವಲ್ಪ ಮೇಲಿದ್ದಳು. ಒಂದು ಕಾಲಿಗೆ ಬಟ್ಟೆ ಸುತ್ತಿಕೊಂಡು, ಎರಡೂ ಕೈಯಿಂದ ಮೈ ಎತ್ತಿಕೊಳ್ಳುವ ಹೊತ್ತಿಗೆ ಬಲಗೈ ತಾನಾಗಿ ಬಿಚ್ಚಿಕೊಂಡಿತು. ಅವಳು ಬೀಳಲಿಲ್ಲ. ಕಾಲಿನ ಸುತ್ತು ಹಿಡಿದಿತ್ತು. ನಿಧಾನವಾಗಿ ಇಳಿದು ಬಂದು ಅಂಗೈ ನೋಡಿಕೊಂಡಳು. ಬಟ್ಟೆಯನ್ನು ಮೂಗಿನ ಹತ್ತಿರ ತಂದು ಮೂಸಿದಳು. ಆಮೇಲೆ ನನ್ನ ಕಡೆ ನೋಡಿದಳು.

"ರೀ, ಇದನ್ನ ಯಾವುದ್ರಲ್ಲಿ ಒಗೆದ್ರಿ?"

ಹಿಂದಿನ ಭಾನುವಾರ ಅದನ್ನು ಒಗೆದವನು ನಾನು. ಮನೆಯ ಸೀರೆ, ಷರ್ಟುಗಳ ಜೊತೆಗೇ ನೆನೆಸಿ, ಕೊನೆಯ ನೀರಿಗೆ ಸುವಾಸನೆಯ ಲಿಕ್ವಿಡ್ ಹಾಕಿದ್ದೆ. ಅದು ಬಟ್ಟೆಯನ್ನು ಮೆತ್ತಗೆ, ನುಣುಪಾಗಿ ಮಾಡುತ್ತದೆ. ಉಡುವ ಬಟ್ಟೆಗೆ ಒಳ್ಳೆಯದು. ಮನುಷ್ಯರು ಹತ್ತುವ ಬಟ್ಟೆಗೆ ಅಲ್ಲ.

"ಘಮಘಮ ಅಂತಿದೆ. ಮದುವೆಮನೆ ಚಪ್ಪರಕ್ಕೆ ಕಟ್ಬೋದು, ನಾವು ಹತ್ತೋಕಾಗಲ್ಲ," ಅಂದಳು. ಕಲಿಯಲು ಬಂದಿದ್ದ ಹುಡುಗಿಯರು ನಕ್ಕರು. ನಾನೂ ನಕ್ಕೆ.

ನಮ್ಮ ಮನೆಗೆ ಕಾಯಿಲೆ ಬಂದದ್ದು ಹಾಗೆ, ಎಲ್ಲರೂ ನಗುತ್ತಿದ್ದಾಗ.

ನಾನು ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಕ್ರೇನ್ ಆಪರೇಟರ್. ನೆಲದ ಮೇಲೆ ನಿಂತು, ಬಟನ್ ಒತ್ತಿ, ತಲೆಯ ಮೇಲಿನ ಭಾರವನ್ನು ಆಡಿಸುವ ಕೆಲಸ. ಪದ್ಮಾ ಹುಟ್ಟಿದ್ದು ಸರ್ಕಸ್ ಡೇರೆಯಲ್ಲಿ. ಅವಳ ತಾಯಿ ಝೂಲಾದಿಂದ ಝೂಲಾಕ್ಕೆ ಹಾರುತ್ತಿದ್ದವರು. ಅವಳೂ ಹಾರಿದವಳು. ಕಂಪನಿ ಕೃಷ್ಣಗಿರಿಯ ಮೈದಾನದಲ್ಲಿ ಕೊನೆಯ ಆಟ ಆಡಿ ಮುಚ್ಚಿದಾಗ, ದೊಡ್ಡ ಕಂಬ ಇಳಿಸಲು ಚೈನ್ ಪುಲ್ಲಿ ತೆಗೆದುಕೊಂಡು ಹೋದವರಲ್ಲಿ ನಾನೂ ಒಬ್ಬ. ನಾನು ಸರಪಳಿ ಬಿಗಿಯುವುದನ್ನೇ ನೋಡುತ್ತ ನಿಂತಿದ್ದ ಹುಡುಗಿ, "ಅಣ್ಣಾ, ಆ ಗಂಟು ಸರಿಯಿಲ್ಲ," ಅಂದಳು. ಸರಿಯಿರಲಿಲ್ಲ. ಮುಂದಿನ ವರ್ಷ ನಮ್ಮ ಮದುವೆಯಾಯಿತು. ಆ 'ಅಣ್ಣಾ' ಎಂಬ ಮಾತನ್ನು ಹಿಡಿದು ನನ್ನಕ್ಕ ಗೌರಮ್ಮ ಇವತ್ತಿಗೂ ನನ್ನನ್ನು ಆಡಿಕೊಳ್ಳುತ್ತಾಳೆ.

ಮತ್ತಿಗಿರಿಯಲ್ಲಿ ನಮ್ಮ ಬಾಡಿಗೆ ಮನೆಯ ಹಿಂದೆ ಒಂದು ತಗಡಿನ ಶೆಡ್ ಇದೆ. ಹಿಂದೆ ಅದು ವೆಲ್ಡಿಂಗ್ ಶಾಪ್ ಆಗಿದ್ದರಿಂದ ಗಟ್ಟಿ ಬೀಮ್ ಇತ್ತು. ಪದ್ಮಾ ಅಲ್ಲಿಯೇ ಕಲಿಸುತ್ತಿದ್ದಳು. ಫ್ಯಾಕ್ಟರಿಯವರ ಮಕ್ಕಳು, ಟೀಚರುಗಳ ಮಕ್ಕಳು, ಎಲ್ಲ ಹುಡುಗಿಯರೇ. ಅವಳನ್ನು 'ಮಾಸ್ಟರ್' ಎನ್ನುತ್ತಿದ್ದರು. ಬಟ್ಟೆ ಹತ್ತುವುದು, ಅದರಲ್ಲಿ ಸುತ್ತಿಕೊಳ್ಳುವುದು, ಹಾಡಿಗೆ ತಕ್ಕಂತೆ ಬಿಚ್ಚಿಕೊಂಡು ಇಳಿಯುವುದು. ಸ್ಕೂಲ್ ಡೇಗಳಿಗೆ, ಮದುವೆ ಮಂಟಪಗಳಿಗೆ, ಒಮ್ಮೊಮ್ಮೆ ಬೆಂಗಳೂರಿನ ಮಾಲುಗಳಿಗೆ ಹೋಗಿ ಆಡಿ ಬರುತ್ತಿದ್ದರು.

ಅವಳದೊಂದು ಕಟ್ಟಳೆ ಇತ್ತು. ಡೇರೆಯಿಂದ ತಂದದ್ದು. ಬಟ್ಟೆಯನ್ನು ಬೀಮಿಗೆ ಕಟ್ಟಿದವರೇ ಮೊದಲು ಅದರಲ್ಲಿ ತೂಗಬೇಕು. ಪೂರ್ತಿ ಮೈಭಾರ ಬಿಟ್ಟು, ಕಾಲು ನೆಲದಿಂದ ಎತ್ತಿ. ಆಮೇಲೆ ಜೋರಾಗಿ "ಹಿಡೀತು" ಎನ್ನಬೇಕು. ಆ ಮಾತು ಕೇಳುವವರೆಗೆ ಬೇರೆ ಯಾರೂ ಬಟ್ಟೆ ಮುಟ್ಟುವಂತಿಲ್ಲ. ಪ್ರತಿದಿನ ಅವಳೇ ಕಟ್ಟುತ್ತಿದ್ದಳು, ಅವಳೇ ತೂಗುತ್ತಿದ್ದಳು.

ಮದುವೆಯಾದ ಹೊಸದರಲ್ಲಿ ನಾನು ಹೇಳಿದ್ದೆ, ನಮ್ಮಲ್ಲಾದರೆ ಕಬ್ಬಿಣದ ತೂಕ ನೇತುಹಾಕಿ ಪರೀಕ್ಷೆ ಮಾಡುತ್ತೇವೆ, ಮನುಷ್ಯ ಯಾಕೆ ಎಂದು.

"ಕಬ್ಬಿಣಕ್ಕೆ ಏನ್ರೀ ಭಯ?" ಅಂದಳು. "ತಾನೇ ತೂಗ್ಬೇಕು ಅಂತ ಗೊತ್ತಿದ್ರೆ, ಕಟ್ಟೋ ಕೈ ನೆಟ್ಟಗೆ ಕಟ್ಟುತ್ತೆ."

ನಮ್ಮ ಫ್ಯಾಕ್ಟರಿಯಲ್ಲಿ ಕಲಿಸುವ ಮೊದಲ ಪಾಠ ಇದಕ್ಕೆ ತದ್ವಿರುದ್ಧ. ಕ್ರೇನಿನ ಕೊಕ್ಕೆಗೆ ಮನುಷ್ಯ ಜೋತುಬೀಳಕೂಡದು. ಅದು ನನ್ನ ಮೈಯೊಳಗೇ ಇಳಿದುಹೋಗಿತ್ತು. ಮೇಲಾಗಿ ನನಗೆ ಎತ್ತರ ಎಂದರೆ ಆಗದು. ಆ ಬಟ್ಟೆಯನ್ನು ನಾನು ಮುಟ್ಟುತ್ತಿದ್ದದ್ದು ಒಗೆಯಲಿಕ್ಕೆ ಮಾತ್ರ.

ಕೈ ಜಾರಿದ ಮೇಲೆ ಬಟ್ಟೆಯನ್ನು ಬಿಸಿನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿದೆ. ಹಿಡಿತ ಜಾರದಿರಲೆಂದು ಅವಳು ಅಂಗೈಗೆ ರಾಳದ ಪುಡಿ ಹಚ್ಚಿಕೊಂಡಳು. ಆದರೂ ಜಾರಿತು. ಹೊಸ ಬಟ್ಟೆ ತರಿಸಿದೆವು. ಅದೂ ಜಾರಿತು. ಹೊಸದಕ್ಕೆ ಮಿಲ್ಲಿನ ಗಂಜಿ ಇರುತ್ತದೆ, ನಾಲ್ಕು ಸಲ ಒಗೆದರೆ ಸರಿಹೋಗುತ್ತದೆ ಎಂದಳು. ಹೀಗೆ ಬಟ್ಟೆಯನ್ನು ಬೈಯುತ್ತ, ನನ್ನನ್ನು ಬೈಯುತ್ತ, ಮಳೆಗಾಲವೇ ಕಳೆಯಿತು. ಮೂವತ್ತು ವರ್ಷ ನಂಬಿದ ಕೈಯನ್ನು ಯಾರು ತಾನೇ ಅನುಮಾನಿಸುತ್ತಾರೆ? ಬಟ್ಟೆಯನ್ನಾದರೆ ಅನುಮಾನಿಸುವುದು ಸುಲಭ.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳು ಒಲೆ ಹಚ್ಚದೆ ಸುಮ್ಮನೆ ನಿಂತಿದ್ದಳು. ಗ್ಯಾಸ್ ಲೈಟರ್ ಒತ್ತಲು ಹೆಬ್ಬೆರಳಿಗೆ ಶಕ್ತಿ ಇರಲಿಲ್ಲ.

ಲೈಟರಿಗೆ ನಾನು ಯಾವ ಲಿಕ್ವಿಡ್ಡೂ ಹಾಕಿರಲಿಲ್ಲ.

ಹೊಸೂರಿನಲ್ಲಿ ಕುತ್ತಿಗೆಯ ಎಕ್ಸ್-ರೇ ತೆಗೆದು ಫಿಸಿಯೋಥೆರಪಿಗೆ ಕಳಿಸಿದರು. ಅದರಿಂದ ಏನೂ ಆಗಲಿಲ್ಲ. ನಡೆಯುವಾಗ ಬಲಗಾಲಿನ ಚಪ್ಪಲಿ ಕಳಚಿಕೊಳ್ಳತೊಡಗಿತು. ಬೆಂಗಳೂರಿಗೆ ಹೋದೆವು. ಎಂ.ಆರ್.ಐ., ನರ್ವ್ ಕಂಡಕ್ಷನ್, ಸೂಜಿ ಚುಚ್ಚಿ ನೋಡುವ ಇ.ಎಂ.ಜಿ. ಎಲ್ಲ ಆಯಿತು. ನ್ಯೂರಾಲಜಿಸ್ಟ್ ನಡುವಯಸ್ಸಿನ ಹೆಂಗಸು. ರಿಪೋರ್ಟುಗಳನ್ನು ಪಕ್ಕಕ್ಕಿಟ್ಟು ಪದ್ಮಾಳ ಅಂಗೈ ಹಿಡಿದು, ಹೆಬ್ಬೆರಳಿನ ಬುಡವನ್ನು ಒತ್ತಿ ನೋಡಿದರು. ಅಲ್ಲಿ ಮಾಂಸ ಇಳಿದುಹೋಗಿ ಗುಳಿ ಬಿದ್ದಿತ್ತು. ದಿನವೂ ಆ ಕೈ ನೋಡುತ್ತಿದ್ದ ನನಗೆ ಅದು ಕಂಡೇ ಇರಲಿಲ್ಲ. ನಾಲಿಗೆ ಚಾಚಲು ಹೇಳಿದರು. ನಾಲಿಗೆಯ ಮೇಲೆ, ಚರ್ಮದ ಕೆಳಗೆ ಇರುವೆ ಹರಿದಂತೆ ಏನೋ ಅದುರುತ್ತಿತ್ತು.

"ಎ.ಎಲ್.ಎಸ್. ಅಂತಾರೆ ಇದಕ್ಕೆ," ಅಂದರು. ಕೈಕಾಲಿಗೆ ಹೇಳಿ ಕೆಲಸ ಮಾಡಿಸುವ ನರಗಳು ಒಂದೊಂದಾಗಿ ನಿಂತುಹೋಗುತ್ತವೆ. ಮಾತು, ನುಂಗುವುದು, ಉಸಿರು, ಎಲ್ಲಕ್ಕೂ ಬರುತ್ತದೆ. ಬುದ್ಧಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಪದ್ಮಾ ಕೇಳಿದ್ದು ಒಂದೇ. "ಹಿಡಿತ ವಾಪಸ್ ಬರುತ್ತಾ, ಮೇಡಂ?"

"ಇಲ್ಲಮ್ಮ."

"ನೇರವಾಗಿ ಹೇಳಿದ್ರಲ್ಲ. ಒಳ್ಳೇದಾಯ್ತು."

ಬಸ್ಸಿನಲ್ಲಿ ವಾಪಸ್ಸು ಬಂದೆವು. ಅತ್ತಿಬೆಲೆ ದಾಟುವವರೆಗೂ ನಾನು ದೇವರಲ್ಲಿ ಒಂದನ್ನೇ ಬೇಡಿಕೊಳ್ಳುತ್ತಿದ್ದೆ. ಆ ಲಿಕ್ವಿಡ್ಡಿನಿಂದಲೇ ಆಗಿರಲಪ್ಪ. ತಪ್ಪು ನನ್ನದೇ ಆಗಿರಲಿ.

ಮನೆಗೆ ಬಂದ ಮಾರನೆಯ ದಿನ ಅವಳು ಕ್ಲಾಸ್ ನಿಲ್ಲಿಸಿದಳು.

ಹುಡುಗಿಯರಲ್ಲಿ ದೊಡ್ಡವಳು ಭುವನಾ. ಸಾನಮಾವಿನ ಕಾಡಿನ ಕಡೆಯ ಹಳ್ಳಿಯವಳು, ಕಾಲೇಜಿನ ಮೊದಲ ವರ್ಷ. ಚಿಕ್ಕಂದಿನಿಂದ ಬರುತ್ತಿದ್ದಳು. ಆನೆಗಳು ರಸ್ತೆಗೆ ಇಳಿದ ದಿನ ತಡವಾಗಿ ಬಂದು ಬೈಸಿಕೊಳ್ಳುತ್ತಿದ್ದಳು. ಅವಳು ಬಾಗಿಲಲ್ಲೇ ನಿಂತು ವಾದಕ್ಕಿಳಿದಳು.

"ಮಾಸ್ಟರ್, ನಾನೇ ಕಟ್ತೀನಿ. ನಾನೇ ಮೊದ್ಲು ತೂಗ್ತೀನಿ. ರೂಲ್ ಪ್ರಕಾರನೇ ಆಯ್ತಲ್ಲ?"

"ನೀನು ಇನ್ನೊಬ್ಬರ ಮನೆ ಮಗು ಕಣೇ. ಬಿದ್ರೆ ನಿಮ್ಮಪ್ಪಂಗೆ ಏನು ಹೇಳ್ಲಿ?"

"ಆನೆ ತುಳೀತು ಅನ್ನಿ. ನಂಬ್ತಾರೆ."

ಪದ್ಮಾ ನಕ್ಕಳು. ಆದರೆ ಒಪ್ಪಲಿಲ್ಲ. ಶೆಡ್ಡಿನ ಹೊಣೆ ಯಾರದೋ ಅವರೇ ಕಟ್ಟಬೇಕು, ಅವರೇ ತೂಗಬೇಕು ಎಂದಳು. ಭುವನಾ ನನ್ನ ಕಡೆ ನೋಡಿದಳು. ಪದ್ಮಾ ನೋಡಲಿಲ್ಲ. ನನ್ನ ಭಯ ಅವಳಿಗೆ ಗೊತ್ತಿತ್ತು. ಕೇಳಿದರೆ ನಾನು ಇಲ್ಲ ಎನ್ನುವುದಿಲ್ಲ ಎಂಬುದೂ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.

ಬಟ್ಟೆಯನ್ನು ಮಡಿಸಿ ಬೀರುವಿನಲ್ಲಿಟ್ಟೆವು.

ಅವಳಿಗೆ ಮೈ ಹೋದದ್ದಕ್ಕಿಂತ ಆ ಖಾಲಿ ಬೀಮು ಹೆಚ್ಚು ನೋಯಿಸಿತು. ತಾಯಿಯಿಂದ ಬಂದದ್ದು ತನ್ನಲ್ಲಿಗೇ ನಿಂತುಹೋಗುತ್ತದೆ ಎಂಬುದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಸಾಯಂಕಾಲ ಕ್ಲಾಸಿನ ಹೊತ್ತಾದರೆ ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದಳು. ನಮಗೆ ಮಕ್ಕಳಿರಲಿಲ್ಲ. ಇದ್ದವರು ಆ ಹುಡುಗಿಯರೇ.

ಮುಂದಿನ ಬೇಸಿಗೆಯ ಹೊತ್ತಿಗೆ ವೀಲ್‌ಚೇರ್ ಬಂತು. ಮಾತು ತೊದಲತೊಡಗಿತು. ಗುಮ್ಮಳಾಪುರದಿಂದ ಗೌರಮ್ಮ ಬಂದು ನಮ್ಮಲ್ಲೇ ಉಳಿದಳು. ನಾನು ಶಿಫ್ಟಿಗೆ ಹೋದಾಗ ಅವಳೇ ನೋಡಿಕೊಳ್ಳುತ್ತಿದ್ದಳು. ಪದ್ಮಾಳ ಕೂದಲಿಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತ, "ಹಾರೋ ಹಕ್ಕೀನ ತಂದು ನಮ್ ಮುನಿಯ ನೆಲಕ್ಕೆ ಕುಂಡ್ರಿಸ್ದ," ಎನ್ನುತ್ತಿದ್ದಳು. ನನ್ನ ಹೆಸರು ಮುನಿರಾಜು. ಅಕ್ಕನ ಬಾಯಲ್ಲಿ ಮುನಿಯನೇ.

ಎಲ್ಲಕ್ಕಿಂತ ಕಷ್ಟವಾದದ್ದು ಮಂಚದಿಂದ ಕುರ್ಚಿಗೆ ಎತ್ತುವುದು. ಮೈಯಲ್ಲಿ ಬಿಗಿ ಇಲ್ಲದ ಮನುಷ್ಯರು ತೂಕಕ್ಕಿಂತ ಭಾರವಾಗಿರುತ್ತಾರೆ. ಒಂದು ದಿನ ನನ್ನ ತೋಳಿನಿಂದ ಅವಳು ಜಾರಿ ನೆಲಕ್ಕೆ ಕುಸಿದಳು. ಪೆಟ್ಟಾಗಲಿಲ್ಲ.

"ಏನ್ಲಾ, ದಿನಾ ಟನ್‌ಗಟ್ಲೆ ಎತ್ತೋನು ಎಂಡ್ತೀನ ಎತ್ತಕಾಗಕಿಲ್ವಾ?" ಅಂದಳು ಗೌರಮ್ಮ. ರೇಗಿಸಲು ಹೇಳಿದ ಮಾತು. ಆದರೆ ನನ್ನ ತಲೆಯಲ್ಲಿ ಅದು ನಿಂತಿತು.

ಮಂಚವನ್ನು ಶೆಡ್ಡಿಗೆ ಸಾಗಿಸಿದೆ. ಕೆಳಗೆ ನೋಡದೆ ಏಣಿ ಹತ್ತಿ ಬೀಮಿಗೆ ಸಣ್ಣ ಚೈನ್ ಪುಲ್ಲಿ ಹಾಕಿದೆ. ಬೀರುವಿನಿಂದ ಅವಳ ಬಟ್ಟೆ ತೆಗೆದು, ಎರಡು ತುದಿ ಕಟ್ಟಿ, ತೊಟ್ಟಿಲಿನಂತೆ ಮಾಡಿದೆ. ಅದರಲ್ಲಿ ಮಲಗಿಸಿ, ನಿಧಾನವಾಗಿ ಎತ್ತಿ, ಕುರ್ಚಿಯ ಮೇಲೆ ಇಳಿಸುವುದು. ನನಗೆ ಗೊತ್ತಿದ್ದ ಕೆಲಸ ಅದೊಂದೇ. ಎಲ್ಲ ಸಿದ್ಧಮಾಡಿ ಅವಳ ಬೆನ್ನಿನ ಕೆಳಗೆ ಬಟ್ಟೆ ತೂರಿಸಲು ಹೋದರೆ, ಪದ್ಮಾ ತಲೆಯನ್ನು ಆ ಕಡೆ ಈ ಕಡೆ ಆಡಿಸಿದಳು.

"ನೀ...ವು."

ನನಗೆ ಮೊದಲು ತಿಳಿಯಲಿಲ್ಲ.

"ಕಟ್ಟಿ...ದ...ವ್ರು."

ಬಟ್ಟೆ ಹಿಡಿದು ನಿಂತೆ. ಮೂರಡಿ ಎತ್ತರ ಅಷ್ಟೇ, ಕೆಳಗೆ ದಪ್ಪ ಮ್ಯಾಟ್ ಇದೆ. ಆದರೂ ನನ್ನ ಕಾಲು ನೆಲ ಬಿಡಲೊಲ್ಲದು. ಇಷ್ಟು ವರ್ಷ ಎಷ್ಟೋ ಭಾರಗಳನ್ನು ಗಾಳಿಯಲ್ಲಿ ಬಿಟ್ಟವನು ನಾನು. ಅದರಲ್ಲಿ ಒಂದು ಸಲವೂ ನಾನಿರಲಿಲ್ಲ. ಕಟ್ಟಿದ ಗಂಟನ್ನು ಬಿಚ್ಚಿ ಇನ್ನೊಮ್ಮೆ ಕಟ್ಟಿದೆ. ಬಿಗಿ ನೋಡಿದೆ. ಮತ್ತೆ ಬಿಚ್ಚಿ ಕಟ್ಟಿದೆ. ಅವಳು ಹೇಳುತ್ತಿದ್ದ ಮಾತು ಆಗ ನನ್ನ ಬೆರಳಿಗೆ ಅರ್ಥವಾಯಿತು.

"ಕುಂತ್ಕಳ್ಲಾ," ಅಂದಳು ಗೌರಮ್ಮ. "ತೊಟ್ಲಾಗೆ ನಿನ್ನ ತೂಗಿದೋಳು ನಾನೇಯ. ಆಗ್ಲೂ ಹಿಂಗೇ ಅಳ್ತಿದ್ದೆ."

ಕೂತೆ. ಅಕ್ಕ ಸರಪಳಿ ಎಳೆದಳು. ಕಾಲು ನೆಲ ಬಿಟ್ಟಿತು. ಕಣ್ಣು ಮುಚ್ಚಿ, ಬಟ್ಟೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು, "ಹಿಡೀತು," ಅಂದೆ.

ಪದ್ಮಾ ನಗತೊಡಗಿದಳು. ನಿಲ್ಲಿಸಲಾಗಲಿಲ್ಲ. ಹೀಗೆ ತಡೆಯಿಲ್ಲದ ನಗು, ಅಳು ಈ ಕಾಯಿಲೆಯಲ್ಲಿ ಬರುತ್ತದೆ ಎಂದು ಡಾಕ್ಟರ್ ಹೇಳಿದ್ದರು. ಅವತ್ತಿನ ನಗು ಕಾಯಿಲೆಯದಲ್ಲ ಎಂದೇ ನಾನು ನಂಬಿದ್ದೇನೆ.

ಆಮೇಲೆ ಅವಳನ್ನು ಬಟ್ಟೆಯಲ್ಲಿ ಎತ್ತಿದೆವು. ಮೈಯ ಭಾರವೆಲ್ಲ ಬಟ್ಟೆ ತೆಗೆದುಕೊಂಡಾಗ ಅವಳ ಮುಖ ಸಡಿಲವಾಯಿತು. ಕುರ್ಚಿಗೆ ಇಳಿಸಲು ಹೋದರೆ ಬೇಡವೆಂದು ಕಣ್ಣಿನಲ್ಲಿ ಹೇಳಿದಳು. ಸ್ವಲ್ಪ ಹೊತ್ತು ಹಾಗೇ ತೂಗಿದೆ. ಒಂದು ಕಾಲಿನ ತುದಿಯನ್ನು ಚಾಚಲು ನೋಡಿದಳು. ಬೆರಳು ಸ್ವಲ್ಪ ಕದಲಿತು.

ಕುರ್ಚಿಯಲ್ಲಿ ಕೂರಿಸಿದ ಮೇಲೆ ಎರಡು ಮಾತು ಹೇಳಿದಳು. ಅದನ್ನು ಬಿಡಿಸಿಕೊಳ್ಳಲು ನಮಗೆ ಬಹಳ ಹೊತ್ತು ಹಿಡಿಯಿತು.

"ಮಕ್ಕಳನ್ನ ಕರೀರಿ."

ಕ್ಲಾಸ್ ಮತ್ತೆ ಶುರುವಾಯಿತು. ನಾನು ಕಟ್ಟುತ್ತಿದ್ದೆ, ಅವಳು ಗಂಟು ನೋಡಿ ಕಣ್ಣು ಮುಚ್ಚಿ ತೆರೆದರೆ ಸರಿ ಎಂದು ಅರ್ಥ. ನಾನು ತೂಗಿ "ಹಿಡೀತು" ಎಂದ ಮೇಲೆ ಹುಡುಗಿಯರು ಹತ್ತುತ್ತಿದ್ದರು. ನನ್ನ ಮುಖ ನೋಡಿ ಚಿಕ್ಕವರು ಬಾಯಿಗೆ ಕೈ ಇಟ್ಟುಕೊಂಡು ನಗುತ್ತಿದ್ದರು. "ಅಂಕಲ್, ಕಣ್ಣು ತೆಗೀರಿ, ನೆಲ ಅಲ್ಲೇ ಇದೆ," ಎನ್ನುತ್ತಿದ್ದಳು ಭುವನಾ. ಪದ್ಮಾಳ ತೊದಲು ನನಗಿಂತ ಅವಳಿಗೇ ಚೆನ್ನಾಗಿ ತಿಳಿಯುತ್ತಿತ್ತು. ಮಾತು ಪೂರ್ತಿ ನಿಂತ ಮೇಲೂ, ಮಾಸ್ಟರ ಹುಬ್ಬು ನೋಡಿ, "ಮೊಣಕಾಲು ಮಡಚಬೇಡ್ವೇ," ಎಂದು ಚಿಕ್ಕವರಿಗೆ ಕೂಗುತ್ತಿದ್ದಳು.

ಆಮೇಲೆ ಹೊಟ್ಟೆಗೆ ನೇರವಾಗಿ ಆಹಾರ ಹಾಕುವ ಪೆಗ್ ಟ್ಯೂಬ್ ಬಂತು. ಮೂಗುಬಾಯಿ ಮುಚ್ಚಿ ಉಸಿರು ಊದುವ ಬೈಪ್ಯಾಪ್ ಮಾಸ್ಕ್ ಬಂತು. ಗಂಟಲಿಗೆ ತೂತು ಮಾಡಿ ವೆಂಟಿಲೇಟರ್ ಹಾಕಬಹುದು ಎಂದರು ಡಾಕ್ಟರ್. ಬೇಕೋ ಬೇಡವೋ ಅವಳೇ ಹೇಳಲಿ ಎಂದೆ. ಅವಳು ಕಣ್ಣಿನಲ್ಲೇ ಬೇಡವೆಂದಳು. ಅವಳ ಮಾತಿಗೆ ನಾನು ಒಪ್ಪಿದೆ. ಒಪ್ಪಿದ್ದು ಸುಲಭವಾಗಿತ್ತು ಎಂದು ಯಾರೂ ತಿಳಿಯಬಾರದು.

ಕಡೆಯ ತಿಂಗಳುಗಳಲ್ಲಿ ದಿನದ ಮೊದಲ ಕೆಲಸ ಅದೇ ಆಗಿತ್ತು. ಬೆಳಿಗ್ಗೆ ಎದ್ದು ಬಟ್ಟೆ ಕಟ್ಟುವುದು, ನಾನು ತೂಗುವುದು, "ಹಿಡೀತು" ಎನ್ನುವುದು, ಅವಳು ಕಣ್ಣು ಮುಚ್ಚಿ ತೆರೆಯುವುದು. ಯಾವಾಗಲೋ ನನ್ನ ಭಯ ಹೋಗಿತ್ತು. ಹೋದದ್ದು ನನಗೇ ಗೊತ್ತಾಗಲಿಲ್ಲ.

ಒಂದು ಚಳಿಗಾಲದ ಬೆಳಿಗ್ಗೆ ತೂಗಿ, "ಹಿಡೀತು," ಅಂದೆ.

ಅವಳು ಕಣ್ಣು ತೆರೆಯಲಿಲ್ಲ.

ಮೆಷಿನ್ ಮಾತ್ರ ಉಸಿರು ಊದುತ್ತಿತ್ತು.

ನಾನು ಬಟ್ಟೆಯಿಂದ ಇಳಿಯಲಿಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ. ಕಾಲು ನೆಲಕ್ಕೆ ತಾಗಿದರೆ ಅದು ನಿಜವಾಗುತ್ತದೆ ಎಂಬಂತೆ ಹಾಗೇ ಕೂತಿದ್ದೆ. ಗೌರಮ್ಮ ಕಾಫಿ ಹಿಡಿದು ಬಂದವಳು ಲೋಟ ಕೆಳಗಿಟ್ಟು, ನನ್ನ ಬೆನ್ನ ಮೇಲೆ ಕೈ ಇಟ್ಟಳು. "ಇಳೀಲಾ ಕೂಸೇ," ಅಂದಳು.

ಇಳಿದೆ.

ಹೀಗೆ ಬರೆಯುವಷ್ಟು ದಿನ ಇನ್ನೂ ಕಳೆದಿಲ್ಲ. ಮಂಚವನ್ನು ವಾಪಸ್ಸು ಮನೆಯೊಳಗೆ ಹಾಕಿದ್ದೇನೆ. ಬೈಪ್ಯಾಪ್ ಮೆಷಿನನ್ನು ಡಾಕ್ಟರ್ ಹೇಳಿದ ಇನ್ನೊಂದು ಮನೆಗೆ ಕೊಟ್ಟೆವು. ಆ ಡಾಕ್ಟರು ಸುಳ್ಳು ಭರವಸೆ ಕೊಡಲಿಲ್ಲ, ನಮ್ಮನ್ನು ಬಿಟ್ಟೂ ಹಾಕಲಿಲ್ಲ. ಅಕ್ಕ ತನ್ನ ಮನೆ ಬಿಟ್ಟು ಬಂದು ನಿಂತಳು. ಶಿಫ್ಟ್ ಬದಲಾಯಿಸಿಕೊಂಡ ಗೆಳೆಯರಿದ್ದಾರೆ. ಅವರನ್ನೆಲ್ಲ ನೆನೆಯುತ್ತೇನೆ. ದುಃಖ ಕಡಿಮೆಯಾಗಿದೆ ಎಂದು ಹೇಳಲಾರೆ. ಗ್ಯಾಸ್ ಲೈಟರ್ ಒತ್ತುವಾಗ ಪ್ರತಿಸಲವೂ ಹೆಬ್ಬೆರಳನ್ನು ನೋಡಿಕೊಳ್ಳುತ್ತೇನೆ.

ತಿಥಿ ಮುಗಿದ ನಂತರದ ಭಾನುವಾರ ಭುವನಾ ಬಂದಳು. ಅವಳ ಹಿಂದೆ ಉಳಿದವರು ಚಪ್ಪಲಿ ಬಿಟ್ಟು ಸಾಲಾಗಿ ನಿಂತರು. ಬಟ್ಟೆಯನ್ನು ಅವಳು ಮನೆಗೆ ಒಯ್ದು ಒಗೆದು ತಂದಿದ್ದಳು.

"ಏನು ಹಾಕಿ ಒಗೆದೆ?" ಎಂದು ಕೇಳಿದೆ.

"ಬರೀ ನೀರು ಅಂಕಲ್. ನಿಮ್ ಥರ ಸೆಂಟ್ ಹಾಕಿಲ್ಲ."

ಯಾರೋ ಒಬ್ಬಳು ನಕ್ಕು, ತಟ್ಟನೆ ಸುಮ್ಮನಾದಳು. "ನಗಮ್ಮ, ಪರವಾಗಿಲ್ಲ," ಅಂದೆ.

ಏಣಿ ಹತ್ತಿ ಬಟ್ಟೆ ಕಟ್ಟಿದೆ. ಗಂಟನ್ನು ನೋಡಲು ಈಗ ಯಾರೂ ಇಲ್ಲ. ಬಿಚ್ಚಿ ಇನ್ನೊಮ್ಮೆ ಕಟ್ಟಿದೆ. ಕೆಳಗಿಳಿದು ಎರಡೂ ಕೈಯಲ್ಲಿ ಬಟ್ಟೆ ಹಿಡಿದು, ಮೈಭಾರ ಬಿಟ್ಟು, ಕಾಲೆತ್ತಿದೆ. ಬೀಮು ಸಣ್ಣಗೆ ಕಿರುಗುಟ್ಟಿತು. ಹುಡುಗಿಯರು ಕಾದು ನಿಂತಿದ್ದರು. ಶೆಡ್ಡಿನ ಮೂಲೆಗೂ ಕೇಳುವಂತೆ ಹೇಳಿದೆ.

"ಹಿಡೀತು."

ಭುವನಾ ಅಂಗೈಗೆ ರಾಳ ಹಚ್ಚಿಕೊಂಡು ಮುಂದೆ ಬಂದಳು.